ಮಲೆನಾಡಿನ ಮಳೆಗೆ ಹಲಸಿನ ಹಲಗೆಯ ಗಿಡದ ಪೆಟ್ಟಿಗೆ

ತೀರ್ಥಹಳ್ಳಿ, ಹೊಸನಗರದ ಕಡೆ ಮರದ ಪೆಟ್ಟಿಗೆಯಲ್ಲಿ ಗಿಡ ಇಡುತ್ತೇವೆ ಅಂದರೆ ಎಲ್ಲರೂ ಕೇಳುವುದು ಒಂದೇ, ‘ಎಷ್ಟು ಮಳೆಗಾಲ ತಡೆಯುತ್ತೆ?’ ಬಿದ್ದ ನೀರು ಇಳಿದುಹೋಗಿ ಹಲಗೆಗೆ ಗಾಳಿಯಾಡಿದರೆ ಬಹಳ ಕಾಲ ತಡೆಯುತ್ತದೆ. ತಳದಲ್ಲೋ ಗೋಡೆಗೆ ಒತ್ತಿದ ಬೆನ್ನಲ್ಲೋ ನೀರು ನಿಂತರೆ ಆಗುಂಬೆಯ ಮಳೆಯೇ ಬೇಕಿಲ್ಲ, ಶಿವಮೊಗ್ಗ ಪೇಟೆಯ ಮಳೆಗೇ ಕೊಳೆಯುತ್ತದೆ.

ನಾನು ಬಳಸುವುದು ಹಲಸಿನ ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ. ಸಾ ಮಿಲ್ಲಿನಲ್ಲಿ ಹಳದಿ ತಿರುಗಿದ ಹಲಗೆ ಆರಿಸಿ, ಅಂಚಿನ ಬಿಳಿ ಭಾಗ ತೆಗೆಸುತ್ತೇನೆ. ಯಾವ ಜಾತಿಯ ಮರವಾದರೂ ಕುಟ್ಟೆ ಹುಳ, ಗೆದ್ದಲು ಮೊದಲು ಹಿಡಿಯುವುದು ಆ ಬಿಳಿಯನ್ನೇ. ಎಳೆಯ ಸಾಗುವಾನಿಯಲ್ಲಿ ಬಿಳಿಯೇ ಜಾಸ್ತಿ, ಹೆಸರಿಗೆ ದುಡ್ಡು ಕೊಟ್ಟ ಹಾಗೆ. ಸಿಲ್ವರ್ ಓಕ್ ಮಣ್ಣು ತಾಗುವ ಕೆಲಸಕ್ಕೆ ಬೇಡ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹೊರಗಿನ ಅಂದಕ್ಕೆ ಮಾತ್ರ.

ಒಳ ಅಳತೆ 36 ಇಂಚು ಉದ್ದ, 15 ಇಂಚು ಅಗಲ, 12 ಇಂಚು ಎತ್ತರ. 6 ಇಂಚು ಅಗಲ, 1 ಇಂಚು ದಪ್ಪದ ಹಲಗೆಯಲ್ಲಿ 38 ಇಂಚಿನವು ನಾಲ್ಕು, 15 ಇಂಚಿನವು ನಾಲ್ಕು. ಮೂಲೆಗೆ 2×2 ಇಂಚಿನ ಕಾಲು ನಾಲ್ಕು, ಪ್ರತಿಯೊಂದೂ 15 ಇಂಚು. ಹಲಗೆಯಿಂದ ಕೆಳಗೆ 3 ಇಂಚು ಇಳಿದಿರಬೇಕು. ಹಲಗೆಯ ಕೊಯ್ದ ತುದಿಗೆ ಸ್ಕ್ರೂ ಹೊಡೆದರೆ ಹಿಡಿತ ನಿಲ್ಲುವುದಿಲ್ಲ, ಕಾಲಿಗೇ ಹೊಡೆಯಬೇಕು. 2 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಜೋಡಣೆಗೆ ಎರಡರಂತೆ. 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ತೂತು ಮೊದಲೇ ಕೊರೆಯದಿದ್ದರೆ ಹಲಗೆಯ ತುದಿ ಸೀಳುತ್ತದೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ.

ಉದ್ದದ ಹಲಗೆಗಳ ಒಳಮೈಗೆ, ಕೆಳಗಡೆ, ಒಂದೂವರೆ ಇಂಚಿನ ರೀಪು ಕೂರಿಸಿ ಅದರ ಮೇಲೆ ತಳದ ಪಟ್ಟಿ ಇಡುವುದು. 3 ಇಂಚು ಅಗಲದವು ಹನ್ನೊಂದು, ನಡುವೆ ಕಾಲು ಇಂಚು ಸಂದು. ಎರಡು ತುದಿಯ ಪಟ್ಟಿಗಳಿಗೆ ಕಾಲು ಕೂರುವಷ್ಟು ಕಚ್ಚು ತೆಗೆಯಬೇಕು. ತಳಕ್ಕೆ ಅಂಟು ಹಾಕಬೇಡಿ, ಮೊದಲು ಬದಲಿಸಬೇಕಾಗುವುದು ಅದೇ. ಒದ್ದೆ ಮಣ್ಣಿನ ಭಾರ ಬಹಳ. ಉದ್ದದ ಹಲಗೆ ನಡುವೆ ಹೊಟ್ಟೆ ಬಿಡದಂತೆ ಮೇಲ್ಗಡೆ ಒಂದು ಅಡ್ಡಪಟ್ಟಿ ಬೇಕು.

ಒಳಗೆ ಪ್ಲಾಸ್ಟಿಕ್ ಹೊದಿಸಿದರೆ ಬಾಳಿಕೆ ಹೆಚ್ಚು ಅನ್ನುವವರಿದ್ದಾರೆ. ನಮ್ಮ ಮಳೆಗೆ ಅದು ಉಲ್ಟಾ: ಪ್ಲಾಸ್ಟಿಕ್ಕಿನ ಹಿಂದೆ ಇಳಿದ ನೀರು ಆರುವುದೇ ಇಲ್ಲ. ತಳಕ್ಕೆ ಮಾತ್ರ ಹಳೆಯ ಶೇಡ್ ನೆಟ್ ಎರಡು ಮಡಿಕೆ ಹಾಕುತ್ತೇನೆ, ಮಣ್ಣು ಸೋರದಿರಲಿ ಅಂತ.

ಕಾಲಿಗೆ ಮಾರ್ಚ್–ಏಪ್ರಿಲ್‌ನ ಬಿಸಿಲಲ್ಲಿ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಬೇಕು, ಅದರಲ್ಲೂ ಕೊಯ್ದ ತುದಿಗೆ ಅದು ಹೀರುವಷ್ಟೂ. ಕೈಗವಸು ಬೇಕೇ ಬೇಕು, ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಹೊರಮೈಗೆ ಅಗಸೆ ಎಣ್ಣೆ ತೆಳ್ಳಗೆ ಎರಡು ಸಲ, ಮೊದಲನೆಯದು ಪೂರ್ತಿ ಆರಿದ ಮೇಲೆ ಎರಡನೆಯದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ. ಗಾಡಿಯ ಹಳೆ ಎಂಜಿನ್ ಆಯಿಲ್ ತರಕಾರಿ ಪೆಟ್ಟಿಗೆಯ ಹತ್ತಿರ ಸುಳಿಯಬಾರದು.

ಕಾಲಿನಡಿ ಕಡಪ ಕಲ್ಲಿನ ಚೂರು ಇಡಿ. ಜಂಬಿಟ್ಟಿಗೆ ಕಲ್ಲು ಬೇಡ, ಅದು ನೀರು ಹೀರಿ ಹಿಡಿದುಕೊಳ್ಳುತ್ತದೆ. ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದು ಗೇಣು ಜಾಗ ಬಿಡಿ. ಕೆಂಪು ಮಣ್ಣು ಎರಡು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು, ಭತ್ತದ ಉಮಿ ಒಂದು. ಬರೀ ಕೆಂಪು ಮಣ್ಣು ಜುಲೈ ಹೊತ್ತಿಗೆ ಗಟ್ಟಿಯಾಗಿ ನೀರು ಮೇಲೆಯೇ ನಿಲ್ಲುತ್ತದೆ. ಮೇಲೆ ಎರಡು ಇಂಚು ದರಗು (ಒಣ ಎಲೆ).

ಮಳೆಗಾಲದಲ್ಲಿ ತಳದ ಸಂದಿಗೆ ಕಡ್ಡಿ ಆಡಿಸಿ ನೀರು ಇಳಿಯುತ್ತಿದೆಯೇ ನೋಡುತ್ತಿರಿ. ಕಾಲಿನ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಆಗಲೇ ಕೆರೆಯಿರಿ. 3 ಇಂಚು ಎತ್ತರ ಬಿಟ್ಟಿದ್ದೇ ಆ ಗೆರೆ ಕಣ್ಣಿಗೆ ಬೀಳಲಿ ಅಂತ. ಅಕ್ಟೋಬರಿನಲ್ಲಿ ಹೊರಮೈಯ ಪಾಚಿ ತಿಕ್ಕಿ ತೆಗೆದು, ತಳದ ಒಂದೊಂದು ಪಟ್ಟಿಗೂ ಸ್ಕ್ರೂ ಡ್ರೈವರಿನ ಮೊನೆ ಒತ್ತಿ. ಸಲೀಸಾಗಿ ಒಳಗಿಳಿದರೆ ಆ ಪಟ್ಟಿ ಮುಗಿಯಿತು. ಬೆಳೆ ತೆಗೆದ ಮೇಲೆ ಆ ಕಡೆಯ ಮಣ್ಣು ಸರಿಸಿ ಅದೊಂದನ್ನೇ ಬದಲಿಸಿದರಾಯಿತು.