ಅರಬಿ ಅಕ್ಷರ ಕೂಡಿಸಿ ಓದಲು ಫೋನಿನ ಕೀಬೋರ್ಡ್

ಮದ್ರಸದಲ್ಲಿ ಅರಬಿ ಕಲಿಸುವ ಉಸ್ತಾದರಿಗೆ ಒಂದು ಸಲಹೆ. ದುಬಾರಿ ಆ್ಯಪ್ ಬೇಡ, ಫೋನಿನ ಜಿಬೋರ್ಡ್‌ಗೆ ಅರಬಿ ಸೇರಿಸಿಕೊಂಡರೆ ಸಾಕು. 28 ಅಕ್ಷರ ಬಾಯಿಪಾಠ ಇರುವ ಮಕ್ಕಳೂ ಪದ ಕೂಡಿಸುವಾಗ ತಡವರಿಸುತ್ತಾರೆ ಅಲ್ವಾ? ಫೋನನ್ನು ಟಿವಿಗೆ ಜೋಡಿಸಿ, ಒಂದೊಂದೇ ಅಕ್ಷರ ಒತ್ತಿ. ಪಕ್ಕಕ್ಕೆ ಇನ್ನೊಂದು ಬಂದ ಕೂಡಲೇ 'ಬಾ' ಅಕ್ಷರ ರೂಪ ಬದಲಿಸುವುದು ಕಣ್ಣೆದುರೇ ಕಾಣುತ್ತದೆ. ಅಲಿಫ್, ದಾಲ್, ಝಾಲ್, ರಾ, ಝಾಯ್, ವಾವ್ ಈ ಆರು ಮಾತ್ರ ಮುಂದಿನ ಅಕ್ಷರಕ್ಕೆ ಅಂಟುವುದಿಲ್ಲ. ಇದನ್ನು ನೀವು ಹೇಳಿಬಿಡಬೇಡಿ, ಮಕ್ಕಳೇ ಹುಡುಕಲಿ. ಪದ ಸೂಚಿಸುವ ಸೆಟ್ಟಿಂಗ್ ಮೊದಲೇ ಆಫ್ ಮಾಡಿ. ಇಲ್ಲದಿದ್ದರೆ ಸುಮ್ನೆ ಅದನ್ನೇ ಒತ್ತುತ್ತಾರೆ! ಕುರ್‌ಆನ್ ಓದಿನ ಉಚ್ಚಾರಣೆಗೆ ಮಾತ್ರ ಗೂಗಲ್ ಟ್ರಾನ್ಸ್‌ಲೇಟ್ ದನಿ ಬೇಡ, ಅದಕ್ಕೆ ತಜ್ವೀದ್ (ಕುರ್‌ಆನ್ ಓದುವ ಉಚ್ಚಾರಣೆಯ ನಿಯಮ) ಗೊತ್ತಿಲ್ಲ. ಮಕ್ಕಳ ಓದನ್ನು ವಾಟ್ಸಾಪ್ ವಾಯ್ಸ್‌ನಲ್ಲಿ ತರಿಸಿಕೊಂಡು ನೀವೇ ಕೇಳಿ ತಿದ್ದಿ.