ಫ್ರಾಂಚೈಸಿ ಪಡೆದವರಿಗೆ ಕಾನೂನಿನ ಆಸರೆ: ಸಹಿಗೆ ಮುಂಚೆ ಏನು, ತಕರಾರು ಬಂದಾಗ ಏನು

ಫ್ರಾಂಚೈಸಿ ಎಂದರೆ ಹಣ ಕಟ್ಟಿ ಒಂದು ಬ್ರಾಂಡ್‌ನ ಹೆಸರಿನಲ್ಲಿ ಮಳಿಗೆ ನಡೆಸುವ ಏರ್ಪಾಡು. ಅದರ ಕರಾರನ್ನು ಬರೆಸುವುದು ಬ್ರಾಂಡ್‌ನ ಮೂಲ ಕಂಪನಿ. ಹಣ ಹಾಕುವವರಿಗೆ ಅದರಲ್ಲಿ ತಿದ್ದಲು ಸಿಗುವ ಅವಕಾಶ ಕಡಿಮೆ. ಹಾಗಾಗಿಯೇ ಹಲವು ದೇಶಗಳು ಇದಕ್ಕೆಂದೇ ಕಾನೂನು ಮಾಡಿವೆ. ಆದರೆ ಆ ರಕ್ಷಣೆಗಳಲ್ಲಿ ಮುಖ್ಯವಾದವಕ್ಕೆ ದಿನಗಳ ಗಡುವಿದೆ. ಮೊದಲು ಕ್ಯಾಲೆಂಡರ್, ಆಮೇಲೆ ವಾದ.

ಅಮೆರಿಕದಲ್ಲಿ ಸಹಿ ಹಾಕುವ ಅಥವಾ ಹಣ ಕಟ್ಟುವ ಕನಿಷ್ಠ 14 ದಿನ ಮುಂಚೆ ಕಂಪನಿ ತನ್ನ ವ್ಯವಹಾರದ ಬಗ್ಗೆ ಬರೆದುಕೊಡುವ 23 ಅಂಶಗಳ ಮಾಹಿತಿ ದಾಖಲೆ ಕೈಸೇರಬೇಕು. ಫ್ರಾನ್ಸ್‌ನಲ್ಲಿ ಈ ಅವಧಿ 20 ದಿನ. ಆಸ್ಟ್ರೇಲಿಯದಲ್ಲಿ 14 ದಿನ ಮುಂಚೆ ದಾಖಲೆ ಕೊಡಬೇಕು. ಹೊಸದಾಗಿ ಫ್ರಾಂಚೈಸಿ ಪಡೆದವರಿಗೆ ಮನಸ್ಸು ಬದಲಿಸಲು ಇನ್ನೂ 14 ದಿನ ಸಿಗುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ್ದು ಇನ್ನೂ ಬಿಗಿ: ದಾಖಲೆ ತಡವಾಗಿ ಬಂದರೆ ಅಥವಾ ಅದರಲ್ಲಿ ಇರಬೇಕಾದದ್ದು ಇಲ್ಲದಿದ್ದರೆ ಅದು ಕೈಸೇರಿದ 60 ದಿನದೊಳಗೆ, ದಾಖಲೆಯನ್ನೇ ಕೊಡದಿದ್ದರೆ ಸಹಿಯಾದ 2 ವರ್ಷದೊಳಗೆ ಕರಾರು ರದ್ದು ಮಾಡಬಹುದು. ಆಗ ಕಂಪನಿ ಕಟ್ಟಿಸಿಕೊಂಡ ಹಣ ಮರಳಿಸಿ, ತನ್ನ ಕರಾರಿನಂತೆ ಕೊಂಡ ಸರಕು, ಉಪಕರಣಗಳನ್ನೂ ಖರೀದಿ ಬೆಲೆಗೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯೇ ಆಧಾರ: ಮೋಸದಿಂದಲೋ (ಕಲಂ 17) ತಪ್ಪು ಮಾಹಿತಿಯಿಂದಲೋ (ಕಲಂ 18) ಒಪ್ಪಿಗೆ ಪಡೆದಿದ್ದರೆ ಕಲಂ 19ರಡಿ ಕರಾರನ್ನು ತಳ್ಳಿಹಾಕಲು ದಾರಿಯಿದೆ.

ಮಾಹಿತಿ ದಾಖಲೆಯನ್ನು ಮೊದಲ ಪುಟದಿಂದ ಓದಬೇಕಿಲ್ಲ. ಅಮೆರಿಕದ ಮಾದರಿಯಾದರೆ ನೇರ 20ನೇ ಅಂಶಕ್ಕೆ ಹೋಗಿ. ಎಷ್ಟು ಮಳಿಗೆ ತೆರೆದವು, ಎಷ್ಟು ಮುಚ್ಚಿದವು ಎಂಬ ಲೆಕ್ಕವೂ ಹಿಂದಿನ ಹಣಕಾಸು ವರ್ಷದಲ್ಲಿ ಬಿಟ್ಟುಹೋದವರ ಪಟ್ಟಿಯೂ ಅಲ್ಲಿರುತ್ತವೆ. ಈಗ ನಡೆಸುತ್ತಿರುವವರಿಗಿಂತ ಬಿಟ್ಟುಹೋದವರಿಗೆ ಫೋನ್ ಮಾಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆಮೇಲೆ 3 (ಕೋರ್ಟ್ ವ್ಯಾಜ್ಯ), 12 (ನಿಮ್ಮ ವ್ಯಾಪ್ತಿ ಪ್ರದೇಶ), 17 (ನವೀಕರಣ, ರದ್ದತಿ), 19 (ಗಳಿಕೆಯ ಅಂದಾಜು) ನೋಡಿ. 19ರಲ್ಲಿ ಅಂಕಿಯೇ ಇಲ್ಲದೆ, ಮಾರಾಟ ಪ್ರತಿನಿಧಿ ಮಾತ್ರ ಬಾಯಿಮಾತಿನಲ್ಲಿ ಲಾಭ ಹೇಳಿದರೆ ಎಚ್ಚರ. ಕರಾರಿನ ಕೊನೆಯಲ್ಲಿ ‘ಇಲ್ಲಿ ಬರೆದದ್ದೇ ಪೂರ್ಣ ಒಪ್ಪಂದ’ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಹೇಳಿದ ಮಾತನ್ನು ಮುಂದೆ ಹಿಡಿದು ನಿಲ್ಲುವುದು ಕಷ್ಟ. ಅದೇ ದಿನ ‘ನೀವು ಇಂತಿಷ್ಟು ಗಳಿಕೆ ಎಂದು ಹೇಳಿದಿರಿ, ಸರಿಯೇ?’ ಎಂದು ಇಮೇಲ್ ಹಾಕಿ. ಉತ್ತರ ಬಂದರೂ ಸಾಕ್ಷಿ, ಬಾರದಿದ್ದರೂ ಕೇಳಿದ್ದಕ್ಕೆ ದಾಖಲೆ ಉಳಿಯಿತು.

ತಕರಾರು ಎದ್ದಾಗ ಹೆಚ್ಚಿನವರು ಎಡವುವುದು ರಾಯಲ್ಟಿ (ಬ್ರಾಂಡ್ ಬಳಕೆಗೆ ಕಂಪನಿಗೆ ಆಗಾಗ ಕಟ್ಟುವ ಹಣ) ನಿಲ್ಲಿಸಿ. ಪಕ್ಕದ ಬೀದಿಯಲ್ಲೇ ಇನ್ನೊಂದು ಮಳಿಗೆ ಕೊಟ್ಟರು, ಜಾಹೀರಾತು ನಿಧಿಯ ಲೆಕ್ಕ ಕೊಡಲಿಲ್ಲ, ಸರಕಿಗೆ ದುಬಾರಿ ಬೆಲೆ ಹಾಕಿದರು: ದೂರು ನ್ಯಾಯವೇ ಇರಬಹುದು. ಆದರೆ ಹಣ ನಿಲ್ಲಿಸಿದ ದಿನದಿಂದ ಕರಾರು ಮುರಿದವರು ನೀವಾಗುತ್ತೀರಿ, ರದ್ದು ಮಾಡಲು ಕಂಪನಿಗೆ ಸುಲಭದ ನೆಪ ಸಿಗುತ್ತದೆ. ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದು ಕಟ್ಟುತ್ತಾ, ಅತ್ತ ನೋಟಿಸ್ ಕೊಡಿ. ಅದರಲ್ಲಿ ಮುರಿದ ಷರತ್ತಿನ ಸಂಖ್ಯೆ, ತಾರೀಖು, ಆದ ನಷ್ಟದ ಮೊತ್ತ, ಸರಿಪಡಿಸಲು ಕೊಡುವ ದಿನ ಇಷ್ಟಿರಲಿ, ಬೈಗುಳ ಬೇಡ. ಕರಾರಿನ ನೋಟಿಸ್ ಷರತ್ತು ರಿಜಿಸ್ಟರ್ಡ್ ಅಂಚೆ ಎಂದಿದ್ದರೆ ಅದೇ ದಾರಿಯಲ್ಲಿ ಕಳಿಸಿ. ವಾಟ್ಸಾಪ್ ಸಂದೇಶವನ್ನು ನೋಟಿಸ್ ಎಂದು ಒಪ್ಪಿಸುವುದು ಬೇರೆಯೇ ಜಗಳ.

ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯದ್ದಾಗಿದ್ದರೆ, ರದ್ದತಿಯ ದಿನವೇ ನಿಮ್ಮ ಲಾಗಿನ್ ಮುಚ್ಚಬಹುದು. ನಷ್ಟ ತೋರಿಸಬೇಕಾದ ಅಂಕಿಗಳೂ ಅಲ್ಲೇ ಸಿಕ್ಕಿಬೀಳುತ್ತವೆ. ಮಾರಾಟದ ವರದಿ, ಖರೀದಿ ಬಿಲ್, ಮಳಿಗೆ ಹೇಗೆ ನಡೆಸಬೇಕೆಂದು ಕಂಪನಿ ಕೊಡುವ ಕೈಪಿಡಿಯ ಆಗಿನ ಆವೃತ್ತಿ ಇವನ್ನು ಪ್ರತಿ ತಿಂಗಳೂ ಇಳಿಸಿಟ್ಟುಕೊಳ್ಳಿ. ಕೈಪಿಡಿಯನ್ನು ಕಂಪನಿ ತಾನೇ ಬದಲಿಸಬಹುದು ಎಂಬ ಷರತ್ತಿದ್ದರೆ ಹಳೆಯ ಪ್ರತಿಯೇ ನಿಮ್ಮ ಆಧಾರ.

ರದ್ದತಿ ನೋಟಿಸ್ ಬಂತೆಂದರೆ, ಮೊದಲು ಸರಿಪಡಿಸಿಕೊಳ್ಳುವ ಅವಧಿ ಎಷ್ಟೆಂದು ನೋಡಿ. ಆಗುವಂಥದ್ದಾದರೆ ಅಷ್ಟರೊಳಗೆ ಸರಿಮಾಡಿ, ಫೋಟೊ, ರಸೀದಿ ಸಮೇತ ಲಿಖಿತವಾಗಿ ತಿಳಿಸಿ. ಕಂಪನಿ ಮಣಿಯದಿದ್ದರೆ ಮಳಿಗೆ ಮುಚ್ಚುವ ಮುಂಚೆಯೇ ತಡೆಯಾಜ್ಞೆ ಕೇಳಬೇಕು. ಕರಾರಿನಲ್ಲಿ ಆರ್ಬಿಟ್ರೇಷನ್ (ಕೋರ್ಟ್ ಬದಲು ಮಧ್ಯಸ್ಥಗಾರರಿಂದ ತೀರ್ಪು) ಷರತ್ತಿದ್ದರೂ ಇದಕ್ಕೆ ಕೋರ್ಟ್ ಬಾಗಿಲು ಮುಚ್ಚಿರಲೇಬೇಕೆಂದಿಲ್ಲ. ಭಾರತದಲ್ಲಿ 1996ರ ಆರ್ಬಿಟ್ರೇಷನ್ ಕಾಯ್ದೆಯ ಕಲಂ 9ರಡಿ ಮಧ್ಯಂತರ ಆದೇಶ ಕೇಳಬಹುದು. ಆರ್ಬಿಟ್ರೇಷನ್ ಶುರುವಾಗುವ ಮುಂಚೆಯೇ ಆದೇಶ ಸಿಕ್ಕಿದ್ದರೆ, ಅಲ್ಲಿಂದ 90 ದಿನದೊಳಗೆ ಅದನ್ನು ಆರಂಭಿಸಬೇಕು. ಕೋರ್ಟ್ ಹೆಚ್ಚಿಗೆ ಸಮಯ ಕೊಟ್ಟರೆ ಆ ಮಾತು ಬೇರೆ.

ಒಬ್ಬರೇ ಹೋರಾಡುವುದಕ್ಕಿಂತ ಅದೇ ಬ್ರಾಂಡ್‌ನ ಫ್ರಾಂಚೈಸಿ ಪಡೆದ ಉಳಿದವರ ಜೊತೆ ಸೇರುವುದು ಲೇಸು. ಒಂಟಾರಿಯೊದಲ್ಲಿ ಹೀಗೆ ಸಂಘ ಕಟ್ಟುವುದು ಕಾನೂನುಬದ್ಧ ಹಕ್ಕು. ಅದಕ್ಕಾಗಿ ಕಂಪನಿ ದಂಡ ಹಾಕುವಂತಿಲ್ಲ.

ನವೀಕರಣದ ಹೊತ್ತಿಗೆ ಕೊಡುವ ಕಾಗದಗಳ ನಡುವೆ ‘ಹಿಂದಿನ ಎಲ್ಲ ಹಕ್ಕುಬಾಧ್ಯತೆ ಬಿಟ್ಟಿದ್ದೇನೆ’ ಎಂಬ ಹಾಳೆಯೂ ಇರಬಹುದು. ಬಾಕಿ ತಕರಾರಿದ್ದರೆ ವಕೀಲರಿಗೆ ತೋರಿಸದೆ ಅದಕ್ಕೆ ಸಹಿ ಬೇಡ.