ಕಣ್ಣು ನೋಡಿ ಕಿವಿ ಓದುವುದು: ನನ್ನ ಅನುಭವ

ಪತ್ತನಾಜೆ ಕಳೆದು ವಾರವಾಗಿತ್ತಷ್ಟೆ. ಮೇಳದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿಟ್ಟ ಯಕ್ಷಗಾನದ ವೇಷಧಾರಿಯೊಬ್ಬರು ಮಗನ ಕೈ ಹಿಡಿದುಕೊಂಡು ಉಡುಪಿಯ ನನ್ನ ಕ್ಲಿನಿಕ್ಕಿಗೆ ಬಂದರು. "ಡಾಕ್ಟ್ರೇ, ರಂಗಸ್ಥಳದಲ್ಲಿ ಎಷ್ಟು ಗಿರಕಿ ಹೊಡೆದರೂ ತಲೆ ತಿರುಗದ ಜನ ನಾನು. ಈಗ ಮಂಚದಲ್ಲಿ ಬಲಕ್ಕೆ ಮಗ್ಗುಲಾದರೆ ಸಾಕು, ಇಡೀ ಮಾಡು ಸುತ್ತುತ್ತದೆ" ಎಂದರು. ಬಿಪಿ ಇರಬಹುದು, ಪಿತ್ತ ಇರಬಹುದು ಎಂದು ಮಾತ್ರೆ ನುಂಗಿ ನುಂಗಿ, ಕೊನೆಯ ಹದಿನೈದು ಆಟ ಹಾಗೆಯೇ ಕುಣಿದಿದ್ದರಂತೆ.

ನಾನು ಕಿವಿ, ಮೂಗು, ಗಂಟಲಿನ ವೈದ್ಯೆ. ಆದರೆ ತಲೆಸುತ್ತಿನವರು ಬಂದಾಗ ಕಿವಿಯೊಳಗೆ ಇಣುಕುವುದಕ್ಕಿಂತ ಹೆಚ್ಚು ಹೊತ್ತು ಕಣ್ಣನ್ನೇ ನೋಡುತ್ತೇನೆ. ಸಮತೋಲನದ ಅಂಗಗಳು ಕಿವಿಯ ಹಿಂದಿನ ಕಲ್ಲಿನಂಥ ಎಲುಬಿನೊಳಗೆ ಹುದುಗಿವೆ, ಅಲ್ಲಿಗೆ ಟಾರ್ಚು ಹಾಯುವುದಿಲ್ಲ. ಅವು ಮೆದುಳಿಗೆ ಏನು ಹೇಳುತ್ತಿವೆ ಎಂಬುದನ್ನು ಕಣ್ಣುಗುಡ್ಡೆ ಆಡಿ ತೋರಿಸುತ್ತದೆ.

ಒಂದೊಂದು ಕಿವಿಯಲ್ಲೂ ಇಂಥ ಅಂಗಗಳು ಐದು. ಮೂರು ಅರ್ಧವೃತ್ತಾಕಾರದ ನಾಳಗಳಿಗೆ ಗೊತ್ತಾಗುವುದು ತಲೆ ತಿರುಗಿದ್ದು ಮಾತ್ರ. ಯುಟ್ರಿಕಲ್, ಸ್ಯಾಕ್ಯೂಲ್ ಎಂಬ ಎರಡು ಚೀಲಗಳಿಗೆ ಭೂಮಿಯ ಸೆಳೆತ ಗೊತ್ತು. ತಲೆ ಎತ್ತ ವಾಲಿದೆ, ಬಸ್ಸು ಹೊರಟಿತೋ ನಿಂತಿತೋ ಎಂದು ಹೇಳುವುದು ಅವೇ. ಆ ಚೀಲಗಳೊಳಗೆ ಸಣ್ಣ ಸಣ್ಣ ಹರಳುಗಳಿವೆ. ನಮ್ಮ ಮರುವಾಯಿ ಚಿಪ್ಪು ಯಾವುದರಿಂದ ಆಗಿದೆಯೋ ಅದೇ ಕ್ಯಾಲ್ಸಿಯಂ ಕಾರ್ಬೊನೇಟು. ತಲೆ ಬಲಕ್ಕೆ ತಿರುಗಿದರೆ ಸುಮಾರು 10 ಮಿಲಿಸೆಕೆಂಡಿನೊಳಗೆ ಕಣ್ಣು ಅಷ್ಟೇ ವೇಗದಲ್ಲಿ ಎಡಕ್ಕೆ ಸರಿಯುತ್ತದೆ. ಕಂಡದ್ದನ್ನು ನೋಡಿ ಸರಿಪಡಿಸಿಕೊಳ್ಳಲು ಹೊರಟರೆ 100 ಮಿಲಿಸೆಕೆಂಡಿನಷ್ಟು ಬೇಕು. ಹೊಂಡ ಬಿದ್ದ ರಸ್ತೆಯಲ್ಲಿ ಬೈಕು ಕುಲುಕುವಾಗಲೂ ಅಂಗಡಿಯ ಬೋರ್ಡು ಓದಲು ಸಿಗುವುದು ಈ ವೇಗದಿಂದ.

ಅವರ ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಹಿಂದಕ್ಕೆ ಮಲಗಿಸಿ, ಕತ್ತು ಮಂಚದ ಅಂಚಿನಿಂದ ಸ್ವಲ್ಪ ಕೆಳಗಿರುವಂತೆ ಹಿಡಿದೆ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಪರೀಕ್ಷೆ ಇದು. ಒಂದು, ಎರಡು, ಮೂರು ಸೆಕೆಂಡು ಏನೂ ಇಲ್ಲ. ಹೊಸಬರು ಇಲ್ಲಿಯೇ ಅವಸರಪಟ್ಟು ಎಬ್ಬಿಸಿಬಿಡುತ್ತಾರೆ, ಕಾಯಬೇಕು. ಆಮೇಲೆ ಶುರುವಾಯಿತು. ಎರಡೂ ಕಣ್ಣು ಮೇಲಕ್ಕೆ ಒದೆಯುತ್ತಾ, ಗುಡ್ಡೆಯ ಮೇಲ್ತುದಿ ನೆಲದ ಕಡೆಯ ಕಿವಿಯತ್ತ ತಿರುಚಿಕೊಳ್ಳುತ್ತಾ ಹೋಯಿತು. ಹತ್ತಿರದಿಂದ ನೋಡಿದರೆ ಎರಡು ಕಣ್ಣಿನ ಆಟ ಒಂದೇ ಅಲ್ಲ. ಬಲಗಣ್ಣು ಹೆಚ್ಚು ತಿರುಚುತ್ತಿತ್ತು, ಎಡಗಣ್ಣು ಹೆಚ್ಚು ಮೇಲೆ ಕೆಳಗೆ ಆಡುತ್ತಿತ್ತು. ಬಲಗಡೆಯ ಹಿಂಬದಿ ನಾಳದ ತಂತು ಬಲಗಣ್ಣನ್ನು ತಿರುಚುವ ಒಂದು ಸ್ನಾಯುವಿಗೂ ಎಡಗಣ್ಣನ್ನು ಕೆಳಗೆಳೆಯುವ ಇನ್ನೊಂದಕ್ಕೂ ಹೋಗುತ್ತದೆ. ನಿಧಾನವಾದ ಆ ಎಳೆತಕ್ಕೆ ಮೆದುಳು ಹಾಕುವ ಮರುಒದೆತವೇ ನಮಗೆ ಕಾಣುವುದು. ಇಪ್ಪತ್ತು ಸೆಕೆಂಡಿನಲ್ಲಿ ತಾನಾಗಿ ನಿಂತಿತು.

ಯುಟ್ರಿಕಲಿನ ಹರಳು ಕಳಚಿ ಪಕ್ಕದ ನಾಳದೊಳಗೆ ಬಿದ್ದಿತ್ತು. ಭೂಮಿಯ ಸೆಳೆತವನ್ನು ಅರಿಯಲೇಬಾರದ ನಾಳಕ್ಕೆ ಈಗ ಅದೂ ತಟ್ಟುತ್ತಿದೆ. ಸುಮ್ಮನೆ ಮಲಗಿದ್ದರೂ ಹರಳು ಜಾರಿ ದ್ರವವನ್ನು ತಳ್ಳುತ್ತದೆ, ನಾಳ "ತಿರುಗುತ್ತಿದ್ದೇನೆ" ಎನ್ನುತ್ತದೆ, ಕಣ್ಣು ಆ ಮಾತನ್ನು ಪಾಲಿಸುತ್ತದೆ. 1992ರಲ್ಲಿ ಜಾನ್ ಎಪ್ಲೆ ಪ್ರಕಟಿಸಿದ ಕ್ರಮದಂತೆ ತಲೆಯನ್ನು ಎಡಕ್ಕೆ ಹೊರಳಿಸಿ, ಎಡ ಮಗ್ಗುಲಾಗಿಸಿ ಮುಖವನ್ನು ನೆಲದ ಕಡೆ ಮಾಡಿಸಿ, ಪ್ರತಿ ಹಂತದಲ್ಲೂ ಕಣ್ಣು ಶಾಂತವಾಗುವ ತನಕ ಕಾದು, ಎಬ್ಬಿಸಿ ಕೂರಿಸಿದೆ. ಎರಡನೇ ಸಲ ಮಲಗಿಸಿದಾಗ ಕಣ್ಣು ಅಲುಗಲಿಲ್ಲ. ಮೊಬೈಲಿನಲ್ಲಿ ನೋಡಿ ಮನೆಯಲ್ಲೇ ಮಾಡಿಕೊಳ್ಳುವವರಿಗೆ ನಾನು ಹೇಳುವುದಿಷ್ಟೇ: ಯಾವ ಕಿವಿ, ಯಾವ ನಾಳ ಎಂದು ಗೊತ್ತಾಗದೆ ಬೇಡ.

ಹೊರಡುವಾಗ ಅವರೊಂದು ಪ್ರಶ್ನೆ ಕೇಳಿದರು. "ಹಾಗಾದರೆ ಗಿರಕಿಗೆ ತಲೆ ತಿರುಗದ್ದು ಯಾಕೆ?" ಅಭ್ಯಾಸ, ಎಂದೆ. ದಿನಾ ಸುತ್ತಿ ಸುತ್ತಿ ಮೆದುಳು ನಾಳದ ಕೂಗಿಗೆ ಕಿವಿಗೊಡುವುದನ್ನು ಕಡಿಮೆ ಮಾಡಿಕೊಳ್ಳುತ್ತದೆ. ಕಳಚಿದ ಹರಳಿನ ಮುಂದೆ ಆ ಅಭ್ಯಾಸ ನಡೆಯುವುದಿಲ್ಲ. ಅವರಿಗೆ ಉತ್ತರ ಸಾಕಾಯಿತು, ನನಗೆ ಸಾಲಲಿಲ್ಲ. ಓದಿ ತಿಳಿದ ಒಂದು ಸಂಗತಿಯನ್ನು ನನ್ನ ಮೇಲೆಯೇ ನೋಡಬೇಕು ಅನಿಸಿತು.

ಆ ಸಂಜೆ ರೋಗಿಗಳು ಹೋದ ಮೇಲೆ, ಕತ್ತಲಲ್ಲೂ ಕಣ್ಣನ್ನು ಚಿತ್ರಿಸುವ ಕ್ಯಾಮರಾ ಕನ್ನಡಕ ಹಾಕಿಕೊಂಡು ತಿರುಗುವ ಕುರ್ಚಿಯಲ್ಲಿ ಕೂತೆ. ಸಹಾಯಕಿ 20 ಸೆಕೆಂಡಿಗೆ 10 ಸುತ್ತಿನಂತೆ ತಿರುಗಿಸಿ ಥಟ್ಟನೆ ನಿಲ್ಲಿಸಿದಳು. ಸಮತೋಲನದ ಸಂಶೋಧನೆಗೆ 1914ರ ನೊಬೆಲ್ ಪಡೆದ ರಾಬರ್ಟ್ ಬಾರಾನಿ ಅವರ ಹಳೆಯ ಪದ್ಧತಿ ಇದು. ತಲೆ ನೆಟ್ಟಗಿಟ್ಟುಕೊಂಡೇ ಇದ್ದೆ. ಕಣ್ಣು ಅರ್ಧ ನಿಮಿಷದ ಹತ್ತಿರ ಒದೆಯುತ್ತಲೇ ಇತ್ತು. ನಾಳದೊಳಗೆ ದ್ರವ ತಳ್ಳಿದಾಗ ಬಾಗುವ ಪರದೆ ಐದಾರು ಸೆಕೆಂಡಿನ ಅಳತೆಯಲ್ಲಿ ಹಿಂದಕ್ಕೆ ಮರಳುತ್ತದೆ, ಆದರೆ ಮೆದುಳು ಆ ಸುದ್ದಿಯನ್ನು ಕೂಡಿಟ್ಟುಕೊಂಡು ಇನ್ನಷ್ಟು ಉದ್ದಕ್ಕೆ ಎಳೆಯುತ್ತದೆ.

ಸುಧಾರಿಸಿಕೊಂಡು ಎರಡನೇ ಸಲ ಕೂತೆ. ಅದೇ ವೇಗ, ಅದೇ ನಿಲುಗಡೆ. ನಿಂತ ಕೂಡಲೇ ಗದ್ದವನ್ನು ಎದೆಗೆ ತಾಗಿಸಿದೆ. ಮೈಯೆಲ್ಲ ಪಕ್ಕಕ್ಕೆ ಬಿದ್ದು ಹೋದಂತಾಯಿತು, ಹೊಟ್ಟೆ ತೊಳಸಿತು. ಸಹಾಯಕಿ ಭುಜ ಒತ್ತಿ ಹಿಡಿದಿದ್ದಳು. ಆಮೇಲೆ ವಿಡಿಯೋ ನೋಡಿದರೆ ಕಣ್ಣಿನ ಒದೆತ ಮೊದಲಿನ ಅರ್ಧ ಹೊತ್ತೂ ಉಳಿದಿರಲಿಲ್ಲ.

ನನಗೆ ಈ ವಿಷಯದಲ್ಲಿ ಇದಕ್ಕಿಂತ ಚೆಂದ ಕಂಡದ್ದು ಬೇರೆ ಇಲ್ಲ. ತಲೆ ಬಗ್ಗಿಸಿದ ಮೇಲೂ ನಾಳ "ಇನ್ನೂ ಸುತ್ತುತ್ತಿದ್ದೇನೆ" ಎನ್ನುತ್ತಿದೆ. ಆದರೆ ಬಗ್ಗಿದ ತಲೆ ನಿಜವಾಗಿ ಹಾಗೆ ಸುತ್ತುತ್ತಿದ್ದರೆ ಭೂಮಿಯ ಸೆಳೆತದ ದಿಕ್ಕು ತಲೆಗೆ ಕ್ಷಣಕ್ಷಣಕ್ಕೂ ಬದಲಾಗಬೇಕಿತ್ತು. ಹರಳಿನ ಚೀಲಗಳು "ಇಲ್ಲ, ಸೆಳೆತ ಇದ್ದಲ್ಲೇ ಇದೆ" ಎನ್ನುತ್ತವೆ. ಕಿರುಮೆದುಳಿನ ತಳಭಾಗದ ನಾಡ್ಯೂಲಸ್ ಎರಡೂ ಮಾತು ಕೇಳಿ, ಹರಳಿನ ಮಾತಿಗೆ ಒಪ್ಪಿ, ಕೂಡಿಟ್ಟ ಸುತ್ತನ್ನು ಸುರಿದುಬಿಡುತ್ತದೆ. ಆ ಭಾಗ ಕೆಟ್ಟವರಲ್ಲಿ ತಲೆ ಬಗ್ಗಿಸಿದರೂ ಕಣ್ಣು ಬೇಗ ನಿಲ್ಲುವುದಿಲ್ಲ.

ಎರಡೂ ಸಾಕ್ಷಿಯನ್ನು ಕೇಳಬೇಕೆಂದು ನಾನು ಕಲಿತದ್ದು ಮಾತ್ರ ಕುರ್ಚಿಯಿಂದಲ್ಲ, ಒಂದು ತಪ್ಪಿನಿಂದ. ಆಗಿನ್ನೂ ತರಬೇತಿಯಲ್ಲಿದ್ದೆ. ಎಪ್ಪತ್ತು ದಾಟಿದ ಅಮ್ಮನೊಬ್ಬರನ್ನು ಕರೆತಂದಿದ್ದರು. ಹಿಂದಿನ ರಾತ್ರಿಯಿಂದ ಬಿಡದ ತಲೆಸುತ್ತು, ವಾಂತಿ. "ಮಗಾ, ನೆಲ ನಿಲ್ಲುವುದಿಲ್ಲ" ಎನ್ನುತ್ತಿದ್ದರು. ನನ್ನ ಮೂಗನ್ನೇ ನೋಡಿ ಅಮ್ಮಾ ಎಂದು ಹೇಳಿ, ಅವರ ತಲೆ ಹಿಡಿದು ಚುರುಕಾಗಿ ಸ್ವಲ್ಪವೇ ಪಕ್ಕಕ್ಕೆ ತಿರುಗಿಸಿದೆ. ಹಾಲ್ಮಾಗಿ ಮತ್ತು ಕರ್ಥಾಯ್ಸ್ 1988ರಲ್ಲಿ ವಿವರಿಸಿದ ಪರೀಕ್ಷೆ. ನಾಳ ಕೆಟ್ಟಿದ್ದರೆ ಕಣ್ಣು ತಲೆಯ ಜೊತೆಗೇ ಜಾರಿ, ಆಮೇಲೆ ನೆಗೆದು ಮೂಗಿಗೆ ಮರಳುತ್ತದೆ. ಅವರ ಕಣ್ಣು ನನ್ನ ಮೂಗು ಬಿಟ್ಟು ಕದಲಲಿಲ್ಲ. "ಕಿವಿ ಚೆನ್ನಾಗುಂಟು, ಹೆದರುವುದು ಬೇಡ" ಎಂದುಬಿಟ್ಟೆ. ವಾಂತಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದೆ.

ಸಂಜೆ ಬಂದ ಹಿರಿಯ ವೈದ್ಯರು ಅಂಗೈಯಿಂದ ಅವರ ಒಂದು ಕಣ್ಣು ಮುಚ್ಚಿದರು. ಅಂಗೈಯನ್ನು ಇನ್ನೊಂದು ಕಣ್ಣಿಗೆ ಸರಿಸಿದಾಗ, ತೆರೆದ ಕಣ್ಣು ಮೇಲಿನಿಂದ ಕೆಳಗೆ ಸಣ್ಣಗೆ ಇಳಿದು ನಿಂತಿತು. ಒಂದು ಕಣ್ಣು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಹರಳಿನ ಚೀಲದಿಂದ ಕಣ್ಣಿಗೆ ಬರುವ ದಾರಿ ಮೆದುಳಿನೊಳಗೆ ಎಲ್ಲೋ ಕಡಿದಿದೆ ಎಂಬುದಕ್ಕೆ ಅದು ಗುರುತು. "ಇಷ್ಟು ತಲೆಸುತ್ತು ಇದ್ದೂ ನಾಳ ಸರಿಯಾಗಿದೆ ಅಂದರೆ ಹೆದರಬೇಕಾದದ್ದು ಆಗಲೇ" ಎಂದು ತಣ್ಣಗೆ ಹೇಳಿದರು. ಎಂಆರ್‌ಐಯಲ್ಲಿ ಕಿರುಮೆದುಳಿನ ಪಾರ್ಶ್ವವಾಯು ಕಂಡಿತು.

ಅವರು ಬದುಕಿದರು, ಗೋಡೆ ಬಿಟ್ಟು ನಡೆಯಲು ಮೂರು ತಿಂಗಳು ಹಿಡಿಯಿತು. ನಾನು ಕಳೆದ ಆ ಮಧ್ಯಾಹ್ನವನ್ನು ಮರೆತಿಲ್ಲ. ಬಿಡದ ತಲೆಸುತ್ತು ಎಂದು ಯಾರೇ ಬರಲಿ, ತಲೆ ತಿರುಗಿಸಿ ನಾಳ ನೋಡಿದ ಮೇಲೆ ಅಂಗೈ ಅಡ್ಡ ಹಿಡಿದು ಹರಳಿನ ದಾರಿಯನ್ನೂ ನೋಡುತ್ತೇನೆ. ಆಮೇಲೆ ಕೈ ಹಿಡಿದು ಎಬ್ಬಿಸಿ, ಬಾಗಿಲ ತನಕ ನಾಲ್ಕು ಹೆಜ್ಜೆ ನಡೆಸುತ್ತೇನೆ.